ಅವರೆಕಾಳಿನಷ್ಟು ನಕ್ಷತ್ರ

ಒದ್ದೆ ಬಟ್ಟೆಯ ಒಂದು ತುದಿ ಪುಟ್ಟತಾಯಮ್ಮನ ಕೈಯಲ್ಲಿತ್ತು, ಇನ್ನೊಂದು ತುದಿ ಮಗಳು ದೀಪಶ್ರೀಯ ಕೈಯಲ್ಲಿ. ಇಬ್ಬರೂ ಬಿಡಲಿಲ್ಲ. ನಡುವೆ ಹಲಗೆಯ ಮೇಲೆ ಪುಟ್ಟತಾಯಮ್ಮನ ತಂಗಿ ಜಯಲಕ್ಷ್ಮಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಅವಳ ಕೂದಲಿನಿಂದ ಇಳಿದ ನೀರು ಅಂಗಳದ ಮಣ್ಣಿಗೆ ಸೇರುತ್ತಿತ್ತು.

“ಬುಡು, ನಾನು ಒರುಸ್ತೀನಿ,” ಎಂದಳು ಪುಟ್ಟತಾಯಮ್ಮ.

“ಅಮ್ಮಂಗೆ ನಾನೇ ಒರೆಸ್ತೀನಿ ಅವ್ವ.”

ಅಮ್ಮ ಎಂದರೆ ಹಲಗೆಯ ಮೇಲೆ ಮಲಗಿದ್ದವಳು. ಅವ್ವ ಎಂದರೆ ಹೆತ್ತವಳು. ಪುಟ್ಟತಾಯಮ್ಮನಿಗೆ ಇದು ಹೊಸದಲ್ಲ. ಆದರೂ ಇವತ್ತು ಕಿವಿಗೆ ಮುಳ್ಳು ಹೊಕ್ಕಂತಾಯಿತು.

“ಮಗಳೇ ಒರುಸ್ಲಿ ಬುಡವ್ವ. ಸೀರೆ ನೀನು ಉಡುಸೀವಂತೆ,” ಎಂದಳು ಪಕ್ಕದ ಮನೆಯ ಮಾದಮ್ಮ, ಬಿಂದಿಗೆ ಬಗ್ಗಿಸುತ್ತಾ.

“ಯಾರ ಮಗ್ಳು?”

ಮಾದಮ್ಮ ಬಿಂದಿಗೆಯನ್ನು ಕೆಳಗಿಟ್ಟಳು. “ನಿನ್ ಮಗ್ಳೇ ಕಣವ್ವ. ನಾನೇನಂದೆ ಈಗ?”

ಅವಳು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹಾಸನದಿಂದ ಜಯಲಕ್ಷ್ಮಮ್ಮನ ಹೆಣ ಹೊತ್ತ ವ್ಯಾನು ಬಂದು ನಿಂತ ಗಳಿಗೆಯಿಂದ ಜನ ದೀಪಶ್ರೀಯ ಕೈ ಹಿಡಿದು ‘ನಿಮ್ಮಮ್ಮ ಹೀಗೆ ಹೋಗಬಾರದಿತ್ತು’ ಎನ್ನುತ್ತಿದ್ದರು. ಅವಳು ಒಬ್ಬರನ್ನೂ ತಿದ್ದಿರಲಿಲ್ಲ. ಬೆಳಿಗ್ಗೆ ಸುದ್ದಿ ಹೇಳಲು ಫೋನ್ ಮಾಡಿದ್ದೂ ಅಪ್ಪನಿಗೇ. ಡೇರಿಗೆ ಹಾಲು ಹಾಕಲು ಹೋಗಿದ್ದ ಚನ್ನಪ್ಪ ಖಾಲಿ ಕ್ಯಾನು ಹಿಡಿದುಕೊಂಡು ಓಡಿಬಂದು, ಬಾಗಿಲಲ್ಲೇ ನಿಂತು, “ಜಯ ಓಗ್ಬುಟ್ಳಂತೆ ಕಣೆ. ಎದೆನೋವಂತೆ,” ಎಂದಿದ್ದ. ಒಡಹುಟ್ಟಿದವಳ ಸಾವು ಡೇರಿ ಸುತ್ತಿ ಬಂದು ಪುಟ್ಟತಾಯಮ್ಮನನ್ನು ಮುಟ್ಟಿತ್ತು.

ಜಯಳ ಗಂಡನ ಕಡೆಯವರು ಚನ್ನರಾಯಪಟ್ಟಣದವರು. ಗಂಡ ತೀರಿಕೊಂಡ ಮೇಲೆ ಅವರು ಬರುವುದು ಹೋಗುವುದು ನಿಲ್ಲಿಸಿದ್ದರು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. “ನಮ್ ತ್ವಾಟದಲ್ಲೇ ಮಣ್ಣು ಮಾಡಾಣ,” ಎಂದು ಚನ್ನಪ್ಪನೇ ಹೇಳಿದ್ದ. ಹಾಗಾಗಿ ಅಕ್ಕನ ಊರು ದುದ್ದಕ್ಕೆ ತಂದಿದ್ದರು.

ಪುಟ್ಟತಾಯಮ್ಮ ಬಟ್ಟೆಯ ತುದಿಯನ್ನು ಬಿಟ್ಟಳು. ಬಿಟ್ಟ ರಭಸಕ್ಕೆ ಅದು ಮಗಳ ಮುಖಕ್ಕೆ ಬಡಿಯಿತು.

*

ಆ ಹುಡುಗಿಯನ್ನು ತಂಗಿಯ ಮನೆಗೆ ಕಳಿಸಿದವಳು ಪುಟ್ಟತಾಯಮ್ಮನೇ. ಯಾರೂ ಕಿತ್ತುಕೊಂಡದ್ದಲ್ಲ.

ಜಯಳ ಗಂಡ ಬಸ್ ಅಪಘಾತದಲ್ಲಿ ಹೋದ ವರ್ಷ ಅದು. ಹಾಸನದ ಬಾಡಿಗೆ ಮನೆಯಲ್ಲಿ ಜಯ ಒಬ್ಬಳೇ ಇದ್ದಳು. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಶಾಲೆಗೆ ಹೋಗುತ್ತಿದ್ದಳು, ಬರುತ್ತಿದ್ದಳು, ಒಲೆ ಹಚ್ಚುತ್ತಿರಲಿಲ್ಲ. ಒಮ್ಮೆ ನೋಡಲು ಹೋದ ಪುಟ್ಟತಾಯಮ್ಮ ಧೂಳು ಕೂತ ಅಡುಗೆಮನೆಯ ಪಾತ್ರೆಗಳನ್ನು ತಾನೇ ತೊಳೆದಿಟ್ಟಿದ್ದಳು. ಚಿಕ್ಕಂದಿನಲ್ಲಿ ತಾಯಿ ಸತ್ತ ಮೇಲೆ, ಶಾಲೆ ಬಿಟ್ಟು, ಇದೇ ಜಯಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಊರಿಗೆ ಬಂದವಳೇ ಗಂಡನಿಗೆ ಹೇಳಿದಳು: “ದೀಪೂನ ಒಂದೊರ್ಸದ ಮಟ್ಟಿಗೆ ಅವಳತ್ರ ಬುಡಾಣ. ಮಗೀಗಾದ್ರೂ ಅಂತ ಒಲೆ ಅಚ್ತಾಳೆ.”

ಇದ್ದದ್ದು ಒಂದೇ ಮಗು. ಚನ್ನಪ್ಪ ಹೆಂಡತಿಯ ಮುಖವನ್ನೇ ನೋಡಿದ. “ಅವ್ಳ ಬುಟ್ಟು ನೀನು ಇರ್ತೀಯೇನಮ್ಮಿ?”

“ಒಂದೊರ್ಸ ತಾನೆ?”

ಹಾಸನದ ಬಸ್ಸಿನ ಕಿಟಕಿಯಲ್ಲಿ ಕೂತು ದೀಪು ಅತ್ತಿದ್ದಳು. ಬಸ್ಸಿನ ಹಿಂದೆ ಪುಟ್ಟತಾಯಮ್ಮ ತಿರುವಿನವರೆಗೂ ಹೋಗಿದ್ದಳು. ಜಯ ಒಲೆ ಹಚ್ಚಿದಳು. ಮಗು ನಗತೊಡಗಿತು. ಎಲ್ಲವೂ ಪುಟ್ಟತಾಯಮ್ಮ ಬಯಸಿದ ಹಾಗೆಯೇ ಆಯಿತು. ವರ್ಷ ಮುಗಿದಾಗ, ಐದನೇ ಕ್ಲಾಸು ಹಾಸನದಲ್ಲೇ ಮುಗಿಸಲಿ ಎಂದರು. ಆಮೇಲೆ ಹೈಸ್ಕೂಲು. ಆಮೇಲೆ ಕಾಲೇಜು. ಹುಡುಗಿ ಭಾನುವಾರ ಬರುತ್ತಿದ್ದಳು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು, ನೆಂಟರ ಹಾಗೆ. ಮೊದಲು ಚಿಕ್ಕಮ್ಮ ಎನ್ನುತ್ತಿದ್ದಳು. ಯಾವಾಗಲೋ ‘ಚಿಕ್ಕ’ ಉದುರಿಹೋಗಿ ಬರೀ ‘ಅಮ್ಮ’ ಉಳಿಯಿತು. ಯಾವತ್ತು ಉದುರಿತು ಎಂದು ನೆನಪಿಸಿಕೊಳ್ಳಲು ಪುಟ್ಟತಾಯಮ್ಮ ಎಷ್ಟೋ ಸಲ ನೋಡಿದ್ದಾಳೆ. ಸಿಕ್ಕಿಲ್ಲ.

*

ಸೀರೆ ಉಡಿಸಿ, ಚಪ್ಪರದ ಕೆಳಗೆ ಕೂರಿಸುವ ಹೊತ್ತಿಗೆ ಹಾಸನದಿಂದ ಎರಡು ಕಾರು, ಒಂದು ಟೆಂಪೋ ಬಂದವು. ಜಯ ಮೇಡಂ ಜೊತೆ ಕೆಲಸ ಮಾಡಿದವರು, ಅವಳ ಹತ್ತಿರ ಓದಿದವರು. ಹೆಂಗಸೊಬ್ಬಳು ಕೈಮಗುವನ್ನು ಎತ್ತಿಕೊಂಡೇ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಪೊಲೀಸ್ ಸಮವಸ್ತ್ರದ ಒಬ್ಬ ಟೋಪಿ ತೆಗೆದು ಕಾಲಿಗೆ ಹಣೆ ಮುಟ್ಟಿಸಿದ. ಪುಟ್ಟತಾಯಮ್ಮ ಗೋಡೆಗೊರಗಿ ಕೂತು ಒಬ್ಬೊಬ್ಬರನ್ನೇ ನೋಡಿದಳು. ತಾನು ಸತ್ತ ದಿನ ಯಾರು ಬಂದಾರು? ಮಾದಮ್ಮ. ಡೇರಿಯವರು. ಮಗಳು ತಾನು ಪಾಠ ಮಾಡುವ ಕಾಲೇಜಿಗೆ ರಜೆ ಹಾಕಿ ಬಂದಾಳು. ಹೀಗೆ ಕಣ್ಣು ಊದುವಷ್ಟು ಅತ್ತಾಳೇ? ಇಂಥ ಯೋಚನೆ ಬಂದದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಆದರೂ ಅದು ಹೋಗಲಿಲ್ಲ.

ನಟರಾಜ ಮೇಷ್ಟ್ರು ಎಂಬುವರು ದೀಪಶ್ರೀಯ ಪಕ್ಕ ಕೂತರು. ಜಯಳ ಶಾಲೆಯ ಕನ್ನಡ ಮೇಷ್ಟ್ರು.

“ನಿಮ್ಮಮ್ಮನ ಪಾಠಕ್ಕೆ ನಾನೂ ಹಿಂದಿನ ಬೆಂಚಲ್ಲಿ ಹೋಗಿ ಕೂತ್ಕೋತಿದ್ದೆ ಕಣಮ್ಮ,” ಎಂದರು. “ಪುಸ್ತಕದಲ್ಲಿ ಇರಲಿ ಬಿಡಲಿ, ಹತ್ತನೇ ಕ್ಲಾಸಿಗೆ ವರ್ಷಕ್ಕೊಂದು ದಿನ ಆ ಸತ್ತ ನಕ್ಷತ್ರಗಳ ಪಾಠ ಮಾಡೋರು. ಒಂದು ಮಗೂನೂ ಉಸಿರು ಬಿಡ್ತಿರ್ಲಿಲ್ಲ. ನ್ಯೂಟ್ರಾನ್ ನಕ್ಷತ್ರ ಎಷ್ಟು ದಪ್ಪ ಗೊತ್ತೇನ್ರೋ, ಹಾಸನದಿಂದ ದುದ್ದದವರೆಗೆ ಹೋದ್ರೆ ಮುಗೀತು, ಆದ್ರೆ ತೂಕದಲ್ಲಿ ಸೂರ್ಯನೇ ಅದರ ಮುಂದೆ ಕಡಿಮೆ ಅನ್ನೋರು. ದುದ್ದ ಅಂತಲೇ ಯಾಕೆ ಅನ್ನೋರು ಅಂತ ಇವತ್ತು ಗೊತ್ತಾಯ್ತು ನೋಡಿ.”

ಆಮೇಲೆ ಅವರು ಪುಟ್ಟತಾಯಮ್ಮನ ಕಡೆ ತಿರುಗಿ ಕೈಮುಗಿದರು. “ತಾವು ಯಾರಾಗ್ಬೇಕು ಮೇಡಂಗೆ?”

“ಒಡುಟ್ಟಿದೋಳು.”

“ಓ, ಅಕ್ಕನೋರಾ? ಕ್ಷಮಿಸಿ. ಮೇಡಂಗೆ ಅಕ್ಕ ಇದ್ದಾರೆ ಅಂತ ನಮಗೆ ಗೊತ್ತೇ ಇರ್ಲಿಲ್ಲ. ಮಗಳ ವಿಷಯ ಮಾತ್ರ ದಿನಾ ಹೇಳೋರು.”

ದೀಪಶ್ರೀ ತಲೆ ಎತ್ತಲಿಲ್ಲ. ಪುಟ್ಟತಾಯಮ್ಮ ಎದ್ದು, ಕೆಲಸವಿಲ್ಲದಿದ್ದರೂ ಹಿತ್ತಲಿಗೆ ಹೋದಳು.

*

ಸತ್ತ ನಕ್ಷತ್ರಗಳ ಪಾಠ ಅವಳೂ ಕೇಳಿದ್ದಳು.

ಅವರೆಕಾಯಿಯ ಕಾಲ. ಭಾನುವಾರ ಜಯ ದೀಪುವನ್ನು ಕರೆದುಕೊಂಡು ಬಂದಿದ್ದಳು. ಮೂವರೂ ಜಗಲಿಯಲ್ಲಿ ಮೊರ ಇಟ್ಟುಕೊಂಡು, ನೆನೆಸಿದ ಕಾಳನ್ನು ಹಿತುಕುತ್ತಿದ್ದರು. ದೀಪು ಆಗ ಎಂಟನೇ ಕ್ಲಾಸು. ಕಾಲನ್ನು ಅವ್ವನ ತೊಡೆಯ ಮೇಲೆ ಹಾಕಿಕೊಂಡಿದ್ದಳು. ಪುಟ್ಟತಾಯಮ್ಮ ಆ ಭಾರವನ್ನು ಸುಖಿಸುತ್ತಾ ಕೂತಿದ್ದಳು.

ಜಯ ಸಿಪ್ಪೆ ಬಿಟ್ಟ ಒಂದು ಕಾಳನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದಳು. “ದೀಪು, ನ್ಯೂಟ್ರಾನ್ ನಕ್ಷತ್ರದಿಂದ ಇಷ್ಟೇ ಇಷ್ಟು ಕಿತ್ಕೊಂಡು ಬಂದ್ರೆ ಎಷ್ಟು ತೂಗುತ್ತೆ ಹೇಳು?”

“ಒಂದು ಆನೆ?”

“ಬೆಳಗೊಳದ ದೊಡ್ಡಬೆಟ್ಟ ಇದ್ಯಲ್ಲ? ಅಷ್ಟು.”

ಹುಡುಗಿಯ ಬಾಯಿ ತೆರೆದುಕೊಂಡಿತು. ಕಾಲನ್ನು ತೆಗೆದುಕೊಂಡು ಚಿಕ್ಕಮ್ಮನ ಕಡೆ ಸರಿದು ಕೂತಳು. ಅಷ್ಟೊಂದು ಹೇಗೆ ತುಂಬುತ್ತದೆ, ಯಾರು ತುಂಬಿದರು ಎಂದು ಮೇಲೆ ಮೇಲೆ ಕೇಳಿದಳು. ಜಯಳೂ ಕೆಲಸ ಮರೆತು ಕೈಯಾಡಿಸುತ್ತಾ ಹೇಳಿದಳು. ಅಣುವಿನೊಳಗೆ ಎಷ್ಟು ಖಾಲಿ ಜಾಗ ಇರುತ್ತದೆ, ನಕ್ಷತ್ರ ಕುಸಿದಾಗ ಆ ಜಾಗವೆಲ್ಲ ಹೇಗೆ ಇಲ್ಲವಾಗುತ್ತದೆ ಎಂದು. ತೊಡೆ ಹಗುರಾದ ಪುಟ್ಟತಾಯಮ್ಮನಿಗೂ ಆ ಮಾತಿನೊಳಗೆ ಹೋಗಬೇಕೆನಿಸಿತು.

“ಅಷ್ಟು ಬಾರ ಇದ್ರೆ ಮ್ಯಾಲೆ ಎಂಗೆ ನಿಂತದೆ? ಕೆಳಿಕ್ ಬೀಳಕಿಲ್ವಾ?”

ದೀಪು ಕಿಲಕಿಲ ನಕ್ಕಳು. ನಗುತ್ತಾ ಚಿಕ್ಕಮ್ಮನ ಭುಜಕ್ಕೆ ಒರಗಿದಳು. ಜಯಳೂ ನಕ್ಕಳು, ಆದರೆ ಬೇಗ ನಿಲ್ಲಿಸಿದಳು. “ನಗಬಾರ್ದು ದೀಪು. ಅಕ್ಕ, ನೀನು ಕೇಳಿದ್ದು ಸರಿಯಾಗೇ ಇದೆ, ನೋಡು...” ಎಂದು ಮೆಲ್ಲಗೆ, ಮಕ್ಕಳಿಗೆ ಹೇಳುವ ದನಿಯಲ್ಲಿ, ಶುರು ಮಾಡಿದಳು.

“ನಂಗ್ಯಾಕೆ ಬುಡು ಅದೆಲ್ಲ,” ಎಂದು ಪುಟ್ಟತಾಯಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಸಾರಿಗೆ ಉಪ್ಪು ಹೆಚ್ಚಾಯಿತು.

ಅದಾದ ಮೇಲೆ ಅವಳು ಯಾವುದನ್ನೂ ಕೇಳಲಿಲ್ಲ. ದೀಪಶ್ರೀ ಭೌತಶಾಸ್ತ್ರ ಓದಿದಾಗ ಕೇಳಲಿಲ್ಲ. ಮೈಸೂರಿನಲ್ಲಿ ಅದೇ ನಕ್ಷತ್ರಗಳ ಬಗ್ಗೆ ಡಾಕ್ಟರೇಟು ಮಾಡಿ, ಹಾಸನದ ಕಾಲೇಜಿಗೆ ಲೆಕ್ಚರರ್ ಆಗಿ ಮತ್ತೆ ಜಯಳ ಮನೆಗೇ ಬಂದಾಗಲೂ ಕೇಳಲಿಲ್ಲ. ಮದುವೆ ಬೇಡ ಎಂದಾಗ ಮಾತ್ರ ಜಯಳಿಗೆ ಫೋನ್ ಮಾಡಿ ಕೂಗಾಡಿದ್ದಳು: “ನಿನ್ನಂಗೆ ಮಾಡಿಕ್ಬುಟ್ಟೆಯಲ್ಲೆ ನನ್ ಮಗಳ್ನ!” ಆ ಕಡೆಯಿಂದ ಜಯ, “ಊಟ ಆಯ್ತಾ ಅಕ್ಕ?” ಎಂದಿದ್ದಳು.

*

ತೋಟದಲ್ಲಿ ತೆಂಗಿನ ಸಾಲಿನ ಕೊನೆಗೆ ಗುಂಡಿ ತೋಡಿದ್ದರು. ಕೆಂಪು ಮಣ್ಣು ಒಂದು ಬದಿಗೆ ರಾಶಿಯಾಗಿತ್ತು. ಹೆಣವನ್ನು ಇಳಿಸಿ, ಊರಿನ ಹಿರಿಯ ಬಸವರಾಜು ನೀರು ತುಂಬಿದ ಮಡಕೆಯನ್ನು ಮುಂದಕ್ಕೆ ತಂದ.

“ಮಕ್ಕಳಿಲ್ದೋಳು. ಚನ್ನಪ್ಪ, ನೀನೇ ಒತ್ಕಂಡು ಮೂರು ಸುತ್ತು ಬಂದ್ಬುಡಪ್ಪ.”

ಚನ್ನಪ್ಪ ಹೆಗಲ ಟವೆಲ್ಲು ತೆಗೆದ. ಅಷ್ಟರಲ್ಲಿ ದೀಪಶ್ರೀ ಗುಂಪಿನಿಂದ ಮುಂದೆ ಬಂದಳು.

“ನಾನು ಹೊರ್ತೀನಿ.”

“ನೀನು ಒರಂಗಿಲ್ಲ ಕಣವ್ವ,” ಎಂದ ಬಸವರಾಜು ಮೆತ್ತಗೆ. “ಎಣ್ಮಗಳು ಅಂತಲ್ಲ. ಎತ್ತೋರು ಇಬ್ರೂ ಬದುಕವ್ರೆ. ಅವ್ರಿರೋವಾಗ ನೀನು ಮಡಕೆ ಒತ್ರೆ ಅವ್ರಿಗೆ ಒಳ್ಳೇದಲ್ಲ.”

“ಮಕ್ಕಳಿಲ್ದೋಳು ಅಂದ್ರಲ್ಲ, ಅದು ಸುಳ್ಳು. ನಾನು ಅವ್ರ ಮಗಳು.”

ಹಾಸನದಿಂದ ಬಂದವರು ತಲೆದೂಗಿದರು. ಊರಿನವರು ಪುಟ್ಟತಾಯಮ್ಮನ ಕಡೆ ನೋಡಿದರು. ಬಸವರಾಜುವೂ ನೋಡಿದ. “ನೀನೇ ಯೋಳವ್ವ. ಎತ್ತೋಳು ನೀನು. ಒಪ್ಪುದ್ರೆ ನಮ್ದೇನೂ ಇಲ್ಲ.”

ಪುಟ್ಟತಾಯಮ್ಮ ಮಗಳ ಕಡೆ ತಿರುಗಿದಳು. “ನಾನು ಸತ್ತೆ ಅಂತ ತಿಳ್ಕಂಡು ಒರ್ತೀಯೇನೇ?” ಎಂದಳು. “ನಿನ್ ಕಣ್ಮುಂದೆ ನಿಂತಿವ್ನಿ. ಕಾಣ್ತಿಲ್ವಾ?”

“ಸತ್ತೋರ ಮೇಲೂ ಹೊಟ್ಟೆಕಿಚ್ಚೇನವ್ವ ನಿಂಗೆ?”

ಮಗಳು ಜೋರಾಗಿ ಹೇಳಲಿಲ್ಲ. ಆದರೆ ಎಲ್ಲರಿಗೂ ಕೇಳಿಸಿತು. ಚನ್ನಪ್ಪ “ದೀಪೂ” ಎಂದು ಗದರಿದ. ಪುಟ್ಟತಾಯಮ್ಮ ಅವನನ್ನು ಪಕ್ಕಕ್ಕೆ ಸರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಊಂ ಕಣೆ. ಒಟ್ಟೆಕಿಚ್ಚೇ. ಕೊಡು ಬಸವರಾಜು ಇಲ್ಲಿ. ನೀನು ಉಟ್ಟಕ್ಕೆ ಮುಂಚೆಯಿಂದ ಅವ್ಳು ನನ್ನೋಳು. ನಾನ್ ಒರ್ತೀನಿ.”

ಯಾರಾದರೂ ತಡೆಯುವ ಮೊದಲೇ ಮಡಕೆ ಅವಳ ಎಡ ಹೆಗಲೇರಿತ್ತು. ತುಂಬಿದ ಮಡಕೆ, ವಯಸ್ಸಾದ ಹೆಗಲು. ಮೊದಲ ಸುತ್ತಿಗೇ ಕಾಲು ತಡವರಿಸಿತು. ಬಸವರಾಜು ಹಿಂದಿನಿಂದ ಕುಡುಗೋಲಿನ ಮೊನೆಯಿಂದ ಮಡಕೆಗೆ ತೂತು ಮಾಡಿದ. ನೀರು ಚಿಮ್ಮಿ ಅವಳ ಬೆನ್ನಿನ ಮೇಲೆ ಇಳಿಯಿತು.

ಆ ತಣ್ಣನೆ ನೀರಿಗೆ ಅವಳಿಗೆ ಚಿಕ್ಕ ಜಯ ನೆನಪಾದಳು. ಸೊಂಟದ ಮೇಲಿನ ಕೂಸಲ್ಲ, ಶಾಲೆಗೆ ಹೋಗುವ ಜಯ. ಸಂಜೆ ಬಂದವಳೇ ಚೀಲ ಎಸೆದು, ಒಲೆಯ ಮುಂದೆ ಕೂತ ಅಕ್ಕನಿಗೆ ಅಂದಿನ ಪಾಠವನ್ನೆಲ್ಲ ಒಪ್ಪಿಸುತ್ತಿದ್ದಳು. ಚಂದ್ರನಿಗೆ ಸ್ವಂತ ಬೆಳಕಿಲ್ಲವಂತೆ ಅಕ್ಕ. ಗಾಳಿಗೂ ತೂಕ ಇದೆಯಂತೆ ಅಕ್ಕ. ಪುಟ್ಟತಾಯಮ್ಮ ರೊಟ್ಟಿ ತಟ್ಟುತ್ತಾ ಹೂಂ ಎನ್ನುತ್ತಿದ್ದಳು. ಮದುವೆಯಾದ ಮೇಲೂ ಬಂದಾಗಲೆಲ್ಲ ಹೇಳುತ್ತಿದ್ದಳು. ದೀಪು ಹೋದ ಮೇಲೆ ನಿಲ್ಲಿಸಿದಳು. ಅವಳಿಗೆ ಹೇಳಲು ಬೇರೆಯವರು ಸಿಕ್ಕಿದ್ದರು.

ಇಷ್ಟು ವರ್ಷ ಪುಟ್ಟತಾಯಮ್ಮ ಜಯಳ ಮೇಲೆ ಹಲ್ಲು ಕಡಿದಿದ್ದಳು, ಮಗಳನ್ನು ಕಿತ್ತುಕೊಂಡಳೆಂದು. ತಂಗಿಯನ್ನು ಕಿತ್ತುಕೊಂಡದ್ದು ಮಗಳು ಎಂದು ಅವಳಿಗೆ ಎರಡನೇ ಸುತ್ತಿನಲ್ಲಿ, ಹೊಸ ತೂತಿನ ನೀರು ಕುತ್ತಿಗೆಗೆ ಬಿದ್ದಾಗ, ಹೊಳೆಯಿತು. ತಂಗಿ ಸತ್ತ ಮೇಲೆ ಮೊದಲ ಸಲ ಅವಳಿಗೆ ಅಳು ಬಂತು. ಸದ್ದು ಮಾಡಿ, ಬಾಯಿಬಿಟ್ಟು ಅತ್ತಳು. ಹೆಜ್ಜೆ ನಿಂತುಹೋಯಿತು.

ಹಿಂದಿನಿಂದ ಒಂದು ಕೈ ಬಂದು ಮಡಕೆಯ ತಳಕ್ಕೆ ಆತುಕೊಂಡಿತು. ಯಾರ ಕೈಯೆಂದು ಅವಳು ತಿರುಗಿ ನೋಡಲಿಲ್ಲ.

“ನಡಿ ಅವ್ವ,” ಎಂದಳು ದೀಪಶ್ರೀ.

ಬಸವರಾಜು ತಡೆಯದೆ ಮೂರನೇ ತೂತು ಮಾಡಿದ. ಮೂರನೇ ಸುತ್ತನ್ನು ಇಬ್ಬರೂ ನಡೆದರು. ಪುಟ್ಟತಾಯಮ್ಮ ಮಡಕೆಯನ್ನು ಹಿಂದಕ್ಕೆ ಬಿಟ್ಟಳು. ಅದು ಒಡೆದ ಸದ್ದಿಗೆ ತೆಂಗಿನ ಮೇಲಿದ್ದ ಕಾಗೆಗಳು ಎದ್ದವು.

ಆಮೇಲೆ ಮಣ್ಣು. ಎಲ್ಲರೂ ಮೂರು ಮೂರು ಹಿಡಿ ಹಾಕಿ ಹಿಂದೆ ಸರಿದರು. ದೀಪಶ್ರೀ ಸರಿಯಲಿಲ್ಲ. ಮಂಡಿಯೂರಿ ಎರಡೂ ಕೈಯಿಂದ ಬಾಚಿ ಬಾಚಿ ತಳ್ಳಿದಳು. ಗುದ್ದಲಿ ಹಿಡಿದವರು ಅವಳಿಗಾಗಿ ಕಾದು ನಿಂತರು. ಕೊನೆಗೆ ಚನ್ನಪ್ಪ ಬಂದು ತೋಳು ಹಿಡಿದು ಎಬ್ಬಿಸಿದ.

*

ಸ್ನಾನ ಮುಗಿಸಿ, ಹೆಣ ಇಟ್ಟಿದ್ದ ಜಾಗದ ದೀಪ ನೋಡಿ, ಬಂದವರೆಲ್ಲ ಒಬ್ಬೊಬ್ಬರಾಗಿ ಹೋದರು. ಮಾದಮ್ಮ ತನ್ನ ಮನೆಯಿಂದ ಅನ್ನ ಸಾರು ತಂದಿಟ್ಟಳು. ಬಿಸಿಲು ಇನ್ನೂ ಜಗಲಿಯ ಅಂಚಿನಲ್ಲಿತ್ತು. ದೀಪಶ್ರೀ ತಟ್ಟೆಯ ಮುಂದೆ ಕೂತು ಕೈ ಇಡಲಿಲ್ಲ. ಸ್ನಾನ ಮಾಡಿದ್ದರೂ ಉಗುರುಗಳ ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು.

ಪುಟ್ಟತಾಯಮ್ಮ ಪರಕೆಯಿಂದ ಒಂದು ಕಡ್ಡಿ ಮುರಿದುಕೊಂಡು ಬಂದು ಎದುರಿಗೆ ಕೂತಳು. “ಕೈ ಕೊಡಿಲ್ಲಿ.”

ಮಗಳು ಕೊಟ್ಟಳು. ಪುಟ್ಟತಾಯಮ್ಮ ಹೆಬ್ಬೆರಳಿನಿಂದ ಶುರು ಮಾಡಿದಳು.

“ಅಲ್ಲಿ ಹಾಗೆ ಅನ್ನಬಾರ್ದಿತ್ತು ನಾನು,” ಎಂದಳು ದೀಪಶ್ರೀ.

“ಇದ್ದಿದ್ದೇ ಅಂದೆ ಬುಡು.”

“ಮೊನ್ನೆ ನನ್ನದೊಂದು ಲೆಕ್ಕ ಎಲ್ಲೋ ತಪ್ತಾ ಇತ್ತವ್ವ. ಅಮ್ಮಂಗೆ ಹೇಳ್ತಾ ಹೇಳ್ತಾನೇ ಎಲ್ಲಿ ಅಂತ ಸಿಕ್ತು. ಇನ್ನು ಯಾರಿಗೆ ಹೇಳ್ಲಿ?”

“ಅವ್ಳು ಓದ್ದೋಳು. ತಿಳೀತಿತ್ತು ಅವ್ಳಿಗೆ.”

“ಎಲ್ಲಿ ತಿಳೀತಿತ್ತು?” ದೀಪಶ್ರೀಯ ತುಟಿಯಲ್ಲಿ ಅಳುವೂ ನಗುವೂ ಒಟ್ಟಿಗೆ ಬಂದವು. “ನಾನು ಎಂ.ಎಸ್ಸಿ.ಗೆ ಸೇರಿದ ಮೇಲಿನದ್ದು ಅವ್ರಿಗೆ ಒಂದು ಅಕ್ಷರಾನೂ ತಿಳೀತಿರ್ಲಿಲ್ಲ. ಅವ್ರೇ ಹೇಳೋರು. ಸೊಪ್ಪು ಬಿಡಿಸ್ಕೊಂಡು ಹೂಂ ಹೂಂ ಅನ್ನೋರು, ಅಷ್ಟೇ.”

ಪುಟ್ಟತಾಯಮ್ಮನ ಕೈ ನಿಂತಿತು. ಮಗಳ ಬೆರಳನ್ನು ಹಿಡಿದುಕೊಂಡೇ ಅವಳು ತೋಟದ ಕಡೆ ನೋಡಿದಳು. ಹೂಂ ಅನ್ನುವುದು ಜಯಳಿಗೆ ಯಾರಿಂದ ಬಂತೆಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ.

“ಯೋಳು,” ಎಂದಳು.

“ಏನನ್ನ?”

“ಅದೇ. ಆ ನಕ್ಸತ್ರದ್ದು. ಯಾಕಂಗೆ ಕುಸೀತದೆ ಅದು?”

ದೀಪಶ್ರೀ ಅವ್ವನ ಮುಖ ನೋಡಿದಳು. “ನಕ್ಷತ್ರ ಅಂದ್ರೆ ಬರೀ ಭಾರ ಅವ್ವ. ಎಲ್ಲಾ ಕಡೆಯಿಂದ ಒಳಕ್ಕೆ ಒತ್ತುತಾ ಇರುತ್ತೆ. ಒಳಗೆ ಉರೀತಾ ಇರೋ ತನಕ ಆ ಉರಿ ಹೊರಕ್ಕೆ ತಳ್ಳುತ್ತೆ, ಹಾಗಾಗಿ ನಿಂತಿರುತ್ತೆ. ಉರಿಯೋದು ಮುಗೀತು ಅಂದ್ರೆ ತಳ್ಳೋರು ಯಾರೂ ಇಲ್ಲ...” ಮಾತು ಹರಿಯುತ್ತಾ ಅವಳ ಬಿಡುವಿದ್ದ ಕೈ ಮೇಲೆದ್ದಿತು. ಬೆರಳುಗಳು ಗಾಳಿಯಲ್ಲಿ ಏನನ್ನೋ ಮೆಲ್ಲಗೆ ಹಿಸುಕಿದವು. ಅದು ಜಯಳದೇ ಕೈ. ಅದೇ ಮಣಿಕಟ್ಟು, ಅದೇ ತಿರುವು, ನಡುವೆ ಉಸಿರೆಳೆದುಕೊಳ್ಳುವ ಅದೇ ರೀತಿ.

ಪುಟ್ಟತಾಯಮ್ಮನ ಎದೆಯೊಳಗೆ ಹಳೆಯ ಕಿಚ್ಚು ಚುರ್ ಎಂದಿತು. ಅವಳು ತಲೆ ಬಗ್ಗಿಸಿ, ಕಡ್ಡಿಯ ಮೊನೆಯನ್ನು ಉಗುರಿನ ಸಂದಿಗೆ ಇಟ್ಟು, ತಂಗಿಯ ಗುಂಡಿಯ ಮಣ್ಣನ್ನು ಚೂರು ಚೂರೇ ಕೆದಕಿ ತೆಗೆದಳು. ಮಗಳು ಹೇಳುತ್ತಲೇ ಇದ್ದಳು. ಪುಟ್ಟತಾಯಮ್ಮ ಒಂದು ಕೈ ಮುಗಿಸಿ ಇನ್ನೊಂದನ್ನು ತೆಗೆದುಕೊಂಡಳು. “ಹೂಂ,” ಎಂದಳು. ತೋರುಬೆರಳು, ನಡುಬೆರಳು, ಉಂಗುರದ ಬೆರಳು. “ಹೂಂ.” ಕಿರುಬೆರಳಿಗೆ ಬಂದಾಗ ಕಡ್ಡಿಯನ್ನು ಅಂಗಳಕ್ಕೆ ಎಸೆದು, ಅದರ ಉಗುರಿನ ಮಣ್ಣನ್ನು ಇದ್ದ ಹಾಗೆಯೇ ಬಿಟ್ಟು, ಆ ಬೆರಳನ್ನು ತನ್ನ ಅಂಗೈಯೊಳಗೆ ಮಡಚಿಕೊಂಡಳು.